‘ಇಲ್ಲ’ ಬೇರೆ, ‘ಕಾಣಲಿಲ್ಲ’ ಬೇರೆ

ಚೀಟಿಯಲ್ಲಿ ಬರೆದದ್ದು ಇಷ್ಟೇ: ‘ಎಕೋ – ಇಎಫ್ ಮಾತ್ರ.’ ತಂದವರು ಸೇಡಂ ತಾಲ್ಲೂಕಿನ ಒಂದು ಹಳ್ಳಿಯ 46 ವರ್ಷದ ಹೆಣ್ಣುಮಗಳು. ಬಲ ಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಗಿ ತಿಂಗಳಾಗಿತ್ತು, ಕಿಮೋ ಇನ್ನು ಶುರುವಾಗಬೇಕಿತ್ತು. ಕಿಮೋದಲ್ಲಿ ಕೊಡುವ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ಕೆಲವರಲ್ಲಿ ಹೃದಯದ ಸ್ನಾಯುವನ್ನೇ ದುರ್ಬಲಗೊಳಿಸುತ್ತದೆ. ಆದ್ದರಿಂದ ಮೊದಲ ಬಾಟಲಿ ಏರಿಸುವ ಮುನ್ನ ಒಮ್ಮೆ, ಆಮೇಲೆ ನಡುನಡುವೆ, ಹೃದಯದ ಶಕ್ತಿಯನ್ನು ಎಕೋದಿಂದ, ಅಂದರೆ ಧ್ವನಿಯ ಅಲೆಗಳಿಂದ ಹೃದಯದ ಚಿತ್ರ ಕಟ್ಟುವ ಪರೀಕ್ಷೆಯಿಂದ, ಅಳೆದು ನೋಡುತ್ತಾರೆ. ಎಡಗಡೆಯ ಕೆಳಕೋಣೆ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಒಂದು ಬಡಿತದಲ್ಲಿ ಹೊರಗೆ ತಳ್ಳುತ್ತದೆ ಎಂಬ ಲೆಕ್ಕವೇ ಇಎಫ್.

ನಾನು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಎಕೋ ತಂತ್ರಜ್ಞೆ. ಈ ಕೆಲಸಕ್ಕೆ ಬಂದು 14 ವರ್ಷವಾಯಿತು. ಚಿತ್ರ ತೆಗೆಯುವುದು, ಅಳೆಯುವುದು, ರಿಪೋರ್ಟಿನ ಕರಡು ಬರೆಯುವುದು ನನ್ನ ಪಾಲು. ಹೃದ್ರೋಗ ತಜ್ಞರು ಚಿತ್ರಗಳನ್ನು ನೋಡಿ, ತಿದ್ದಿ, ಸಹಿ ಹಾಕುತ್ತಾರೆ. ಹಳ್ಳಿಯ ಹೆಣ್ಣುಮಕ್ಕಳು, ಬುರ್ಖಾ ತೊಟ್ಟು ಬರುವ ತಾಯಂದಿರು ಪರದೆಯ ಹಿಂದೆ ಹೆಂಗಸೇ ಇರುವುದನ್ನು ಕಂಡು ಒಂದು ದೊಡ್ಡ ಉಸಿರು ಬಿಡುತ್ತಾರೆ. ಆ ಉಸಿರಿಗಾಗಿಯೇ ನಾನು ಇಷ್ಟು ವರ್ಷ ಇದೇ ಕೋಣೆಯಲ್ಲಿ ಉಳಿದಿದ್ದೇನೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಸೇಡಂ ಕಡೆಯ ಆ ಅಕ್ಕನ ಇಎಫ್ ನಾಲ್ಕು ನಿಮಿಷದಲ್ಲಿ ಸಿಕ್ಕಿತು. 62. ಬಲು ಚೆನ್ನಾಗಿತ್ತು. ಹೊರಗೆ ಹದಿನೇಳು ಜನ ಕಾಯುತ್ತಿದ್ದರು. ಚೀಟಿ ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು, ಜೆಲ್ ಒರೆಸಿ ಕಳಿಸಬಹುದಿತ್ತು. ಆದರೆ ಮೊದಲ ಚಿತ್ರದಲ್ಲೇ, ಎಡ ಮೇಲ್ಕೋಣೆಯ ಹಿಂಬದಿಯಲ್ಲಿ ಒಂದು ಕಪ್ಪು ಉಂಗುರ ಕಂಡಿತ್ತು. ಅದು ಎಲ್ಲರಲ್ಲೂ ಇರುತ್ತದೆ, ಆದರೆ ಇಷ್ಟು ದೊಡ್ಡದಾಗಿ ಇರುವುದಿಲ್ಲ. ಎದೆಯ ಮೇಲೆ ಇಟ್ಟು ಚಿತ್ರ ತೆಗೆಯುವ ಪ್ರೋಬನ್ನು ನಾನು ಎತ್ತಲಿಲ್ಲ.

ಹಾಗೆ ಎತ್ತದೆ ಇರುವುದನ್ನು ನನಗೆ ಕಲಿಸಿದವರು ಆಳಂದ ಕಡೆಯ ಒಬ್ಬ ಶಿಕ್ಷಕಿ. ಅವರಿಗೆ ಆದದ್ದನ್ನು ಮೊದಲು ಹೇಳಬೇಕು.

ಅವರು ಬಂದಾಗ ನಾನು ಈ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ಅವರಿಗೆ 38. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ರಾತ್ರಿ ಮಲಗಿದಾಗಲೂ ಒಮ್ಮೊಮ್ಮೆ ಬಡಿತ ತಪ್ಪಿದಂತಾಗುತ್ತದೆ ಎಂದಿದ್ದರು. ರಕ್ತ ಕಡಿಮೆ, ಚಿಂತೆ ಜಾಸ್ತಿ ಎಂದು ಊರಲ್ಲಿ ಹೇಳಿಸಿಕೊಂಡು ಬಂದಿದ್ದರು. ಮೇ ತಿಂಗಳು. ನಮ್ಮ ಊರಿನ ಮೇ ತಿಂಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ನಡುವೆ ಕರೆಂಟು ಹೋಗಿ ಬಂದು ಅರ್ಧ ಗಂಟೆ ಹಾಳಾಗಿತ್ತು. ಅವರು ಆ ದಿನದ ಮೂವತ್ತೊಂದನೆಯ ಎಕೋ.

ಎದೆಯ ಮೇಲಿನಿಂದ ನೋಡುವ ಚಿತ್ರಗಳನ್ನೆಲ್ಲ ತೆಗೆದೆ. ಕವಾಟಗಳು ಸರಿಯಾಗಿದ್ದವು. ಬಲಗಡೆಯ ಕೆಳಕೋಣೆ ಸ್ವಲ್ಪ ದೊಡ್ಡದಾಗಿ ಕಂಡಿತು. ಅದರ ಬುಡದ ಅಗಲ 41 ಮಿಲಿಮೀಟರ್ ದಾಟಿದರೆ ದೊಡ್ಡದು ಎಂದು ಲೆಕ್ಕ. ಅವರದು 45 ಇತ್ತು, ಅಳೆದು ಬರೆದೆ. ಮೇಲಿನ ಎರಡು ಕೋಣೆಗಳ ನಡುಗೋಡೆಯ ಮೇಲೆ ಕಲರ್, ಅಂದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ವಿಧಾನ, ಹಾಕಿ ನೋಡಿದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ರಕ್ತ ಹಾಯುವುದು ಕಾಣಲಿಲ್ಲ. ಪಕ್ಕೆಲುಬುಗಳು ಮುಗಿಯುವಲ್ಲಿ, ಹೊಟ್ಟೆಯ ಮೇಲ್ಭಾಗದಿಂದ ನೋಡುವ ಚಿತ್ರವೊಂದಿದೆ. ನಡುಗೋಡೆಯನ್ನು ನೋಡಲು ಅದರಷ್ಟು ಒಳ್ಳೆಯ ಕಿಂಡಿ ಇನ್ನೊಂದಿಲ್ಲ. ಅದಕ್ಕೆ ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ, ಸೀರೆಯ ನೆರಿಗೆ ಸಡಿಲಿಸಬೇಕು. ಅವರು ಸಂಕೋಚಪಟ್ಟರು. ನಾಲ್ಕು ಗಂಟೆಯ ಬಸ್ಸು ತಪ್ಪುತ್ತದೆ ಎಂದರು. ನಾನು ಆ ಚಿತ್ರ ತೆಗೆಯಲಿಲ್ಲ. ಕರಡಿನಲ್ಲಿ ಬರೆದೆ: ‘ನಡುಗೋಡೆಯಲ್ಲಿ ರಂಧ್ರ ಇಲ್ಲ.’ ಕೊನೆಯ ಸಾಲಿನಲ್ಲಿ: ‘ಗಂಭೀರವಾದದ್ದೇನೂ ಇಲ್ಲ.’

ಮೂರು ವರ್ಷದ ಮೇಲೆ ಅವರು ಒಂದು ದಪ್ಪ ಫೈಲು ಹಿಡಿದು ಬಂದರು. ಉಸಿರಾಟದ ತೊಂದರೆ ಹೆಚ್ಚಾಗಿ ಹೈದರಾಬಾದಿಗೆ ಹೋಗಿದ್ದರು. ಅಲ್ಲಿ ಅನ್ನನಾಳದೊಳಗೆ ಸಣ್ಣ ಪ್ರೋಬ್ ಇಳಿಸಿ ಮಾಡುವ ಟಿಇಇ ಪರೀಕ್ಷೆ ಮಾಡಿದ್ದರು. ಸೈನಸ್ ವಿನೋಸಸ್ ಎಂಬ ಬಗೆಯ ರಂಧ್ರ. ಅದು ಸಾಮಾನ್ಯವಾಗಿ ರಂಧ್ರ ಇರುವಂತೆ ನಡುಗೋಡೆಯ ಮಧ್ಯದಲ್ಲಿ ಇರುವುದಿಲ್ಲ. ತಲೆ ಮತ್ತು ಕೈಗಳಿಂದ ರಕ್ತ ತರುವ ಮೇಲಿನ ಮಹಾಸಿರೆ ಬಲ ಮೇಲ್ಕೋಣೆಗೆ ಸೇರುವ ಮೂಲೆಯಲ್ಲಿರುತ್ತದೆ. ಬಲ ಶ್ವಾಸಕೋಶದಿಂದ ಶುದ್ಧ ರಕ್ತ ತರುವ ನಾಳವೂ ಅನೇಕರಲ್ಲಿ ದಾರಿ ತಪ್ಪಿ ಅಲ್ಲಿಗೇ ಬಂದು ಸೇರುತ್ತದೆ. ಎಡಕ್ಕೆ ಹೋಗಬೇಕಾದ ರಕ್ತ ಬಲಕ್ಕೆ ಬರುತ್ತದೆ, ಬಲಗಡೆಯ ಕೋಣೆಗಳು ವರ್ಷ ವರ್ಷವೂ ಹೆಚ್ಚಿನ ಹೊರೆ ಹೊತ್ತು ಹಿಗ್ಗುತ್ತವೆ. ದೊಡ್ಡವರಲ್ಲಿ ಎದೆಯ ಮೇಲಿನಿಂದ ಮಾಡುವ ಎಕೋದಲ್ಲಿ ಈ ಮೂಲೆ ಸುಲಭವಾಗಿ ತಪ್ಪಿಹೋಗುತ್ತದೆ. ಪುಸ್ತಕದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಅವರು ಜಗಳಕ್ಕೆ ಬಂದಿರಲಿಲ್ಲ. ಕುರ್ಚಿಯಲ್ಲಿ ಕುಳಿತು, ಮಕ್ಕಳಿಗೆ ಲೆಕ್ಕ ಕೇಳುವಷ್ಟೇ ಶಾಂತವಾಗಿ ಕೇಳಿದರು: “ಮೇಡಂ, ಅಂದು ಇದು ಇರಲಿಲ್ಲವೇ?”

ಹುಟ್ಟಿನಿಂದಲೂ ಇತ್ತು. ಹಾಗೆಯೇ ಹೇಳಿದೆ. ಹೇಳುವಾಗ ನನ್ನ ಕೈ ತಣ್ಣಗಾಗಿತ್ತು. ಹಳೆಯ ಚಿತ್ರಗಳನ್ನು ಯಂತ್ರದಿಂದ ತೆಗೆದು ಡಾಕ್ಟರರ ಮುಂದೆ ಇಟ್ಟೆ. 45 ಎಂಬ ಅಂಕಿ ನನ್ನದೇ ಅಳತೆ, ತೆರೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿತ್ತು. ಸರ್ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸಹಿ ನನ್ನದೇ ಇದೆ, ಅಮ್ಮ. ಇಬ್ಬರೂ ನೋಡಲಿಲ್ಲ” ಎಂದರು. ಶಿಕ್ಷಕಿಗೂ ಅವರೇ ಅದನ್ನು ಹೇಳಿದರು. ಇಂಥ ರಂಧ್ರಕ್ಕೆ ಸುತ್ತಲೂ ಅಂಚು ಇರುವುದಿಲ್ಲ, ರಂಧ್ರ ಮುಚ್ಚಲು ತೊಡೆಯ ರಕ್ತನಾಳದಿಂದ ಹೋಗಿ ಕೂರಿಸುವ ಸಾಮಾನ್ಯ ಡಿವೈಸ್ ಅಲ್ಲಿ ನಿಲ್ಲುವುದಿಲ್ಲ. ಅವರಿಗೆ ಎದೆ ತೆರೆದು ಶಸ್ತ್ರಚಿಕಿತ್ಸೆ ಆಯಿತು. ಶ್ವಾಸಕೋಶದ ಒತ್ತಡ ಕೈಮೀರಿ ಏರಿರಲಿಲ್ಲ, ಆ ಪುಣ್ಯ ಒಂದು ಉಳಿದಿತ್ತು. ಈಗ ಚೆನ್ನಾಗಿದ್ದಾರೆ, ಪಾಠ ಮಾಡುತ್ತಿದ್ದಾರೆ. ಆದರೆ ಮೂರು ವರ್ಷ ಅವರು ಚಿಂತೆಯ ಕಾಯಿಲೆಯವರು ಎಂದು ಮನೆಯವರಿಂದಲೂ ಅನ್ನಿಸಿಕೊಂಡದ್ದಕ್ಕೆ ನನ್ನ ಎರಡು ಸಾಲೂ ಕಾರಣ.

ತಪ್ಪು ಎಲ್ಲಿತ್ತು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಹೊಟ್ಟೆಯ ಮೇಲಿನ ಚಿತ್ರ ತೆಗೆಯದೆ ಇದ್ದದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಆ ಒಂದು ಪದ. ನನಗೆ ರಂಧ್ರ ‘ಕಾಣಲಿಲ್ಲ’. ನಾನು ಬರೆದದ್ದು ‘ಇಲ್ಲ’. ಕನ್ನಡದಲ್ಲಿ ಈ ಎರಡು ಮಾತಿನ ನಡುವೆ ಒಂದೇ ಹೆಜ್ಜೆಯ ದೂರ, ನಾಲಿಗೆ ಗೊತ್ತಾಗದಂತೆ ದಾಟಿಬಿಡುತ್ತದೆ. ಇಂಗ್ಲಿಷ್ ರಿಪೋರ್ಟಿನಲ್ಲೂ ನಾವೆಲ್ಲ ಹೀಗೆಯೇ ದಾಟುತ್ತೇವೆ. ‘ಇಲ್ಲ’ ಎಂದು ಬರೆದರೆ ಮುಂದಿನ ಡಾಕ್ಟರು ಹುಡುಕುವುದನ್ನು ನಿಲ್ಲಿಸುತ್ತಾರೆ. ‘ಕಾಣಲಿಲ್ಲ, ಆದರೆ ಬಲಗಡೆ ದೊಡ್ಡದಾಗಿದೆ, ಕಾರಣ ಸಿಕ್ಕಿಲ್ಲ’ ಎಂದು ಬರೆದಿದ್ದರೆ ಟಿಇಇ ಆಗ ಆಗುತ್ತಿತ್ತು.

ಎಕೋ ಎಂದರೆ ಏನು ಎಂಬುದನ್ನು ನೆನೆದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1953ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರೂ ಹೆಲ್ಮುಟ್ ಹರ್ಟ್ಸ್ ಎಂಬ ಭೌತಶಾಸ್ತ್ರಜ್ಞರೂ ಸೇರಿ ಮೊದಲ ಬಾರಿಗೆ ಶ್ರವಣಾತೀತ ಧ್ವನಿಯಿಂದ ಹೃದಯದ ಚಲನೆಯನ್ನು ದಾಖಲಿಸಿದರು. ಅವರು ಬಳಸಿದ್ದು ಲೋಹದೊಳಗಿನ ಬಿರುಕು ಹುಡುಕಲು ಮಾಡಿದ ಯಂತ್ರವನ್ನು. ಧ್ವನಿ ಕಳಿಸುತ್ತೇವೆ, ತಿರುಗಿ ಬಂದದ್ದರಿಂದ ಚಿತ್ರ ಕಟ್ಟುತ್ತೇವೆ. ಮೂಳೆ ಅಡ್ಡ ಬಂದರೆ, ಗಾಳಿ ತುಂಬಿದ ಶ್ವಾಸಕೋಶ ಅಡ್ಡ ಬಂದರೆ ಧ್ವನಿ ಮುಂದೆ ಹೋಗುವುದೇ ಇಲ್ಲ. ಕಬ್ಬಿಣದ ಹಲಗೆಯ ಸುತ್ತ ಎಲ್ಲಿ ಬೇಕಾದರೂ ಯಂತ್ರ ಇಟ್ಟು ನೋಡಬಹುದು. ಮನುಷ್ಯನ ಎದೆಯಲ್ಲಿ ನಮಗೆ ಸಿಗುವುದು ಪಕ್ಕೆಲುಬುಗಳ ನಡುವಿನ ಎರಡು ಮೂರು ಕಿಂಡಿ, ಕುತ್ತಿಗೆಯ ಕುಳಿ ಒಂದು, ಹೊಟ್ಟೆಯ ಮೇಲ್ಭಾಗ ಒಂದು. ಕಿಂಡಿಯಿಂದ ಕಾಣದ ಮೂಲೆ ಖಾಲಿ ಎಂದು ಹೇಳಲು ನಮಗೆ ಅಧಿಕಾರವಿಲ್ಲ.

ಆ ಶಿಕ್ಷಕಿ ಬಂದು ಹೋದ ಮೇಲೆ ನಾನು ಕೆಲಸ ಮಾಡುವ ಕ್ರಮ ಬದಲಾಯಿತು. ಚೀಟಿ ಏನೇ ಕೇಳಲಿ, ಎಲ್ಲ ಕಿಂಡಿಗಳಿಂದಲೂ ನೋಡುತ್ತೇನೆ. ಯಾವುದಾದರೂ ಕಿಂಡಿಯಿಂದ ಚಿತ್ರ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯುತ್ತೇನೆ. ಬಲಗಡೆ ದೊಡ್ಡದಾಗಿದ್ದರೆ ಕಾರಣ ಸಿಗುವವರೆಗೆ ರಿಪೋರ್ಟು ಮುಚ್ಚುವುದಿಲ್ಲ: ನಡುಗೋಡೆಯೇ, ಶ್ವಾಸಕೋಶದ ನಾಳಗಳೇ, ಸೋರುವ ಕವಾಟವೇ, ಶ್ವಾಸಕೋಶದ ಒತ್ತಡವೇ. ಸಿಗದಿದ್ದರೆ ‘ಕಾರಣ ಸಿಕ್ಕಿಲ್ಲ’ ಎಂಬ ಸಾಲು ಎಲ್ಲಕ್ಕಿಂತ ಮೇಲೆ ಬರುತ್ತದೆ. ಸೀರೆ ಸಡಿಲಿಸಲು ಸಂಕೋಚಪಡುವವರಿಗೆ ಹೊದಿಕೆ ಹೊದಿಸಿ, ಬಾಗಿಲ ಚಿಲಕ ಹಾಕಿ, “ಬಸ್ಸು ಇನ್ನೊಂದು ಬರುತ್ತದೆ ಅವ್ವ, ನಾನೇ ಆಟೊ ಕರೆಸುತ್ತೇನೆ” ಎನ್ನುತ್ತೇನೆ. ಎರಡು ಸಲ ಕರೆಸಿಯೂ ಇದ್ದೇನೆ.

ಇನ್ನೊಂದು ಮಾತು. ನಮ್ಮ ಭಾಗದಲ್ಲಿ ಸಂಧಿವಾತ ಜ್ವರದಿಂದ ಕೆಟ್ಟ ಮೈಟ್ರಲ್ ಕವಾಟವನ್ನು, ಎಂದರೆ ಎಡಗಡೆಯ ಮೇಲಿನ ಕೆಳಗಿನ ಕೋಣೆಗಳ ನಡುವಿನ ಕವಾಟವನ್ನು, ನಾವು ಈಗಲೂ ನೋಡುತ್ತಲೇ ಇದ್ದೇವೆ. ತೆರೆಯ ಮೇಲೆ ಅದು ಕಂಡ ಕೂಡಲೇ ಕಣ್ಣಿಗೆ ತೃಪ್ತಿಯಾಗಿಬಿಡುತ್ತದೆ, ಕಾಯಿಲೆ ಸಿಕ್ಕಿತಲ್ಲ ಎಂದು. ಅಲ್ಲೇ ನಿಂತರೆ ಅದರ ಜೊತೆಗೇ ಇರುವ ನಡುಗೋಡೆಯ ರಂಧ್ರ ತಪ್ಪುತ್ತದೆ. ರಂಧ್ರದ ಮೂಲಕ ರಕ್ತ ಜಾರಿಹೋಗುವುದರಿಂದ ಕವಾಟದ ಬಿಗಿತವೂ ಇರುವುದಕ್ಕಿಂತ ಕಡಿಮೆ ಎಂದು ತೋರುತ್ತದೆ. ಒಂದು ಇನ್ನೊಂದನ್ನು ಮುಚ್ಚುತ್ತದೆ. ಹೊಸಬರು ಇದನ್ನು ನೆನಪಿಡಬೇಕು.

ಈಗ ಸೇಡಂ ಅಕ್ಕನ ಕಪ್ಪು ಉಂಗುರಕ್ಕೆ ಬರುತ್ತೇನೆ.

ಎಡ ಮೇಲ್ಕೋಣೆಯ ಹಿಂದೆ ದುಂಡಗೆ ಕಪ್ಪಾಗಿ ಕಾಣುವುದು ಎರಡರಲ್ಲಿ ಒಂದಾಗಿರಬಹುದು. ಒಂದು, ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ, ಬೆನ್ನಿನ ಕಡೆ ಇಳಿಯುವ ಮಹಾಪಧಮನಿ. ಇನ್ನೊಂದು ಕೊರೊನರಿ ಸೈನಸ್, ಹೃದಯದ ಸ್ವಂತ ರಕ್ತವನ್ನು ಸಂಗ್ರಹಿಸಿ ಬಲ ಮೇಲ್ಕೋಣೆಗೆ ಸುರಿಯುವ ನಾಳ. ಬೇರ್ಪಡಿಸುವುದು ಹೇಗೆಂದರೆ, ಮಹಾಪಧಮನಿ ಹೃದಯದ ಚೀಲದ ಹೊರಗಿರುತ್ತದೆ, ಹೃದಯ ಎಷ್ಟು ಕುಣಿದರೂ ತಾನಿರುವಲ್ಲೇ ಇರುತ್ತದೆ. ಸೈನಸ್ ಚೀಲದ ಒಳಗೆ, ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ತೋಡಿನಲ್ಲಿ ಕುಳಿತು ಹೃದಯದ ಜೊತೆಗೇ ಕುಣಿಯುತ್ತದೆ. ಇವರ ಉಂಗುರ ಕುಣಿಯುತ್ತಿತ್ತು.

ಸೈನಸ್ ಹಿಗ್ಗಲು ಕೆಲವು ಕಾರಣಗಳಿವೆ. ಬಲ ಮೇಲ್ಕೋಣೆಯ ಒತ್ತಡ ಹೆಚ್ಚಿದ್ದರೆ ಹಿಗ್ಗುತ್ತದೆ. ಇವರದು ಹೆಚ್ಚಿರಲಿಲ್ಲ. ಮತ್ತೆ ಸಾಮಾನ್ಯವಾದ ಕಾರಣ ಎಡಗಡೆಯ ಮೇಲಿನ ಮಹಾಸಿರೆ ಉಳಿದುಕೊಂಡಿರುವುದು. ಗರ್ಭದಲ್ಲಿ ಎಲ್ಲರಿಗೂ ಎಡಕ್ಕೊಂದು ಬಲಕ್ಕೊಂದು ಇಂಥ ನಾಳ ಇರುತ್ತದೆ. ಎಡಗಡೆಯದು ಬತ್ತಿ ಒಂದು ಎಳೆಯಾಗಿ ಉಳಿಯುತ್ತದೆ. ಸಾವಿರದಲ್ಲಿ ಮೂರರಿಂದ ಐದು ಜನರಲ್ಲಿ ಅದು ಬತ್ತುವುದಿಲ್ಲ, ಎಡಗೈ ಮತ್ತು ತಲೆಯ ಎಡಭಾಗದ ರಕ್ತವನ್ನು ನೇರ ಕೊರೊನರಿ ಸೈನಸ್ಸಿಗೆ ತಂದು ಸುರಿಯುತ್ತದೆ. ಹುಟ್ಟಿನಿಂದ ಬೇರೆ ಹೃದಯದೋಷ ಇರುವವರಲ್ಲಿ ಇದು ಇನ್ನೂ ಹೆಚ್ಚು. ಒಂಟಿಯಾಗಿ ಇದ್ದರೆ ಮನುಷ್ಯನಿಗೆ ಅದರಿಂದ ತೊಂದರೆ ಇಲ್ಲ, ಬದುಕಿಡೀ ಗೊತ್ತೂ ಆಗುವುದಿಲ್ಲ. ತೊಂದರೆಯಾಗುವುದು ಎಡಗಡೆಯಿಂದ ಯಾರಾದರೂ ತಂತಿ ಅಥವಾ ನಳಿಕೆ ಇಳಿಸಲು ಹೋದಾಗ.

ಅದಕ್ಕೇ ನಾನು ಕೇಳಿದೆ: “ಅಕ್ಕ, ಕಿಮೋ ಹೇಗೆ ಕೊಡುತ್ತಾರಂತೆ? ಕೈಯ ನರಕ್ಕೋ?” ಅವರು ಎಡ ಕೊರಳೆಲುಬಿನ ಕೆಳಗೆ ಬೆರಳಿಟ್ಟು ತೋರಿಸಿದರು: “ಇಲ್ಲಿ ಒಂದು ಬಿಲ್ಲೆ ಕೂರಿಸುತ್ತಾರಂತೆ. ಬಲಗಡೆ ಆಪರೇಷನ್ ಆಗಿದೆಯಲ್ಲ, ಅದಕ್ಕೆ ಎಡಕ್ಕೆ.” ಕಿಮೋ ಪೋರ್ಟ್, ಔಷಧ ಕೊಡಲು ಚರ್ಮದ ಕೆಳಗೆ ಕೂರಿಸುವ ಬಿಲ್ಲೆ. ಎರಡು ದಿನದಲ್ಲಿ ಹಾಕುವವರಿದ್ದರು. ಅದರ ನಳಿಕೆ ಎಡಗಡೆಯಿಂದ ಇಳಿದು, ನಡುವೆ ಬಲಕ್ಕೆ ದಾಟಿ, ಮೇಲಿನ ಮಹಾಸಿರೆಯ ತುದಿಯಲ್ಲಿ ನಿಲ್ಲಬೇಕು. ಇವರಲ್ಲಿ ಅದು ನೆಟ್ಟಗೆ ಎಡಗಡೆಯೇ ಇಳಿದು, ಹೃದಯಕ್ಕೆ ಅಂಟಿದ ಆ ತೆಳುಗೋಡೆಯ ಸೈನಸ್ಸಿನೊಳಗೆ ಹೋಗುತ್ತಿತ್ತು.

ಸರ್ ಅವರನ್ನು ಕರೆದೆ. ನೋಡಿದ ಕೂಡಲೇ ಬಬಲ್ ಪರೀಕ್ಷೆ ಮಾಡೋಣ ಎಂದರು. ಅದಕ್ಕೆ ದುಬಾರಿ ಸಾಮಾನು ಬೇಡ. ಎರಡು ಸಿರಿಂಜು, ನಡುವೆ ಮೂರು ದಾರಿಯ ನಲ್ಲಿ. ಒಂಬತ್ತು ಮಿಲಿಲೀಟರ್ ಸಲೈನ್, ಒಂದು ಮಿಲಿಲೀಟರ್ ಗಾಳಿ. ಆ ಸಿರಿಂಜಿನಿಂದ ಈ ಸಿರಿಂಜಿಗೆ ರಭಸದಿಂದ ಹಲವು ಬಾರಿ ಓಡಿಸಿದರೆ ಸಲೈನ್ ಮಜ್ಜಿಗೆಯ ನೊರೆಯಂತೆ ಸಣ್ಣ ಗುಳ್ಳೆಗಳಿಂದ ಬೆಳ್ಳಗಾಗುತ್ತದೆ. ಅದನ್ನು ಕೈಯ ನರಕ್ಕೆ ಕೊಟ್ಟು ತೆರೆಯ ಮೇಲೆ ಯಾವ ಕೋಣೆ ಮೊದಲು ಬೆಳ್ಳಗಾಗುತ್ತದೆ ಎಂದು ನೋಡುವುದು. ಎಡಗೈಗೆ ಕೊಟ್ಟು ಆಮೇಲೆ ಬಲಗೈಗೂ ಕೊಟ್ಟು ಹೋಲಿಸುವುದು ಕ್ರಮ. ಸಿಸ್ಟರ್ ಅಭ್ಯಾಸದಂತೆ ಬಲಗೈ ಹಿಡಿದರು. ಆ ಅಕ್ಕ ಕೈ ಹಿಂದಕ್ಕೆಳೆದುಕೊಂಡರು: “ಈ ಕೈಗೆ ಸೂಜಿ ಚುಚ್ಚಿಸಿಕೊಳ್ಳಬೇಡ, ಬಿ.ಪಿ. ನೋಡಲೂ ಕೊಡಬೇಡ ಎಂದಿದ್ದಾರೆ.” ಕಂಕುಳಿನ ಗಂಟುಗಳನ್ನು ತೆಗೆದ ಕೈ, ಬಾವು ಬರುತ್ತದೆ ಎಂಬ ಕಾರಣಕ್ಕೆ ಹೇಳಿ ಕಳಿಸಿದ್ದರು. ಅಕ್ಷರ ಬಾರದ ಹೆಣ್ಣುಮಗಳು ಅದನ್ನು ನಮಗಿಂತ ಚೆನ್ನಾಗಿ ನೆನಪಿಟ್ಟಿದ್ದರು. ಎಡಗೈ ಒಂದಕ್ಕೇ ಕೊಟ್ಟೆವು.

ಮೊದಲು ಉಂಗುರ ಬೆಳ್ಳಗಾಯಿತು. ಅದರ ಬೆನ್ನಿಗೇ ಬಲ ಮೇಲ್ಕೋಣೆ. ಕಣ್ಣು ಮಿಟುಕಿಸದೆ ಎಡ ಕೋಣೆಗಳನ್ನು ನೋಡಿದೆವು, ಸೈನಸ್ಸಿನ ಗೋಡೆಯಲ್ಲಿ ಬಿರುಕಿದ್ದರೆ ಗುಳ್ಳೆಗಳು ಅಲ್ಲಿಗೂ ಬರುತ್ತವೆ. ಒಂದೂ ಬರಲಿಲ್ಲ. ಸರ್ ಅಲ್ಲಿಂದಲೇ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿದರು. ಸಿಟಿ ಸ್ಕ್ಯಾನ್ ಮಾಡಿಸಿದಾಗ ಎಡಬಲ ಎರಡೂ ಮಹಾಸಿರೆಗಳು ಇರುವುದು, ಎರಡನ್ನೂ ಕೂಡಿಸುವ ಅಡ್ಡನಾಳ ಇಲ್ಲದಿರುವುದು ಖಚಿತವಾಯಿತು. ಪೋರ್ಟನ್ನು ಬಲ ಕುತ್ತಿಗೆಯ ನಾಳದಿಂದ, ಆಪರೇಷನ್ ಆದ ಜಾಗ ತಪ್ಪಿಸಿ ಹಾಕಿದರು.

ನಾನು ಅವರಿಗೆ ವಿವರಿಸಿದ್ದು ಹೀಗೆ: “ಅಕ್ಕ, ನಿಮ್ಮ ಹೃದಯಕ್ಕೆ ಕಾಯಿಲೆ ಇಲ್ಲ. ಎಲ್ಲರಿಗೂ ಹೊಟ್ಟೆಯೊಳಗಿದ್ದಾಗ ಎರಡು ಹಳ್ಳ ಇರುತ್ತವೆ. ಒಂದು ಬತ್ತುತ್ತದೆ. ನಿಮ್ಮದು ಬತ್ತಿಲ್ಲ, ಇನ್ನೂ ಹರಿಯುತ್ತಿದೆ. ಎಡಗಡೆಯಿಂದ ಯಾರೇ ಏನೇ ಹಾಕಲು ಬಂದರೂ ಈ ಕಾಗದ ತೋರಿಸಿ.” ಕನ್ನಡದಲ್ಲಿ ನಾಲ್ಕು ಸಾಲು, ಕೆಳಗೆ ಇಂಗ್ಲಿಷಿನಲ್ಲಿ ಅದೇ ನಾಲ್ಕು ಸಾಲು ಬರೆದು, ಸರ್ ಸಹಿ ಹಾಕಿ ಕೊಟ್ಟರು.

ಕಂಡದ್ದನ್ನೆಲ್ಲ ಬರೆಯಬೇಕು ನಿಜ, ಆದರೆ ಅದಕ್ಕೆ ಇನ್ನೊಂದು ಮಗ್ಗುಲಿದೆ. ಕಂಡದ್ದು ಏನೆಂದು ತಿಳಿಯದೆ ಬರೆದರೆ ಆಗುವ ಅನಾಹುತವೂ ಸಣ್ಣದಲ್ಲ.

ಅಫಜಲಪುರದ ಕಡೆ, ಭೀಮಾ ದಂಡೆಯ ಊರಿನ 22 ವರ್ಷದ ಹುಡುಗ. ಕೆಲಸಕ್ಕೆ ಸೇರುವ ಮುಂಚೆ ಫಿಟ್‌ನೆಸ್ ಸರ್ಟಿಫಿಕೇಟಿಗೆಂದು ಬೇರೆಲ್ಲೋ ಎಕೋ ಮಾಡಿಸಿದ್ದ. ರಿಪೋರ್ಟಿನಲ್ಲಿ ‘ಬಲ ಮೇಲ್ಕೋಣೆಯಲ್ಲಿ ಚಲಿಸುವ ಗಡ್ಡೆ?’ ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆ ಚಿಹ್ನೆಯನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ, ಗಡ್ಡೆ ಎಂಬುದನ್ನು ಮಾತ್ರ ಓದಿದ್ದರು. ಹದಿನೈದು ದಿನದಿಂದ ಮನೆಯಲ್ಲಿ ಒಲೆ ಸರಿಯಾಗಿ ಹೊತ್ತಿರಲಿಲ್ಲ. ಆಪರೇಷನ್ ಖರ್ಚಿಗೆಂದು ತಂದೆ ಒಂದು ಎಕರೆ ಮಾರಲು ಮಾತಾಡಿ ಬಂದಿದ್ದರು. ಬರುವ ಸೋಮವಾರ ಮುಂಗಡ ಹಣ ಪಡೆಯುವವರು. ಯಾರೋ ಹೇಳಿದರೆಂದು ಇನ್ನೊಮ್ಮೆ ತೋರಿಸಲು ನಮ್ಮಲ್ಲಿಗೆ ಬಂದರು.

ನಾನು ಹೊಟ್ಟೆಯ ಮೇಲ್ಭಾಗದ ಕಿಂಡಿಯಿಂದ ನೋಡಿದೆ. ದೇಹದ ಕೆಳಭಾಗದಿಂದ ರಕ್ತ ತರುವ ಮಹಾಸಿರೆಯ ಬಾಯಿಯಿಂದಲೇ ಒಂದು ತೆಳುವಾದ ಪೊರೆ ಹೊರಟು, ತುದಿಯಲ್ಲಿ ಬಲೆಬಲೆಯಾಗಿ ಎಳೆಗಳು ತೇಲುತ್ತಿದ್ದವು. ಗಡ್ಡೆಗೆ ದಪ್ಪ ಇರುತ್ತದೆ, ಒಂದು ತೊಟ್ಟು ಇರುತ್ತದೆ. ಎಡ ಮೇಲ್ಕೋಣೆಯಲ್ಲಿ ಬೆಳೆಯುವ ಮಿಕ್ಸೋಮಾ ಎಂಬ ಗಡ್ಡೆಯಾದರೆ ಸಾಮಾನ್ಯವಾಗಿ ನಡುಗೋಡೆಗೇ ತೊಟ್ಟಿನಿಂದ ಅಂಟಿರುತ್ತದೆ. ಇದಕ್ಕೆ ದಪ್ಪವೂ ಇರಲಿಲ್ಲ, ತೊಟ್ಟೂ ಇರಲಿಲ್ಲ. ಇದು ಯುಸ್ಟೇಶಿಯನ್ ಕವಾಟ, ಅದರ ಮುಂದುವರಿಕೆಯಾಗಿ ಕಿಯಾರಿ ಜಾಲ. ಹಾನ್ಸ್ ಕಿಯಾರಿ ಎಂಬ ವೈದ್ಯರು 1897ರಲ್ಲಿ ವರ್ಣಿಸಿದ್ದು, ನೂರರಲ್ಲಿ ಸುಮಾರು ಇಬ್ಬರಲ್ಲಿ ಇರುತ್ತದೆ. ಸರ್ ಬಂದು, ತಾವೇ ಪ್ರೋಬ್ ಹಿಡಿದು, ಎರಡು ಸಲ ನೋಡಿ ಹೌದೆಂದರು.

ತಂದೆ ನಂಬಲಿಲ್ಲ. “ಅವರು ಗಡ್ಡೆ ಎಂದು ಬರೆದಿದ್ದಾರೆ, ನೀವು ಏನೂ ಅಲ್ಲ ಎನ್ನುತ್ತೀರಿ. ನಾನು ಯಾರ ಮಾತು ಕೇಳಲಿ ತಾಯಿ?” ಎಂದರು. ಕೇಳಬೇಕಾದ ಪ್ರಶ್ನೆಯೇ. ನಾನೂ ಒಕ್ಕಲುತನದ ಮನೆಯವಳು. ಅವರನ್ನು ತೆರೆಯ ಮುಂದೆ ಕೂರಿಸಿಕೊಂಡು ಹೇಳಿದೆ: “ಕಾಕಾ, ಕಬ್ಬಿಗೆ ನೀರು ಹಾಯಿಸುವಾಗ ಕಾಲುವೆಗೆ ಅಡ್ಡ ಮಣ್ಣು ಹಾಕಿ ನೀರನ್ನು ಮಡಿಗೆ ತಿರುಗಿಸುತ್ತೀರಲ್ಲ? ಮಗು ಗರ್ಭದಲ್ಲಿದ್ದಾಗ ಉಸಿರಾಡುವುದಿಲ್ಲ, ಶ್ವಾಸಕೋಶಕ್ಕೆ ರಕ್ತ ಹೆಚ್ಚು ಬೇಕಿಲ್ಲ. ಕೆಳಗಿನಿಂದ ಬಂದ ರಕ್ತವನ್ನು ನಡುಗೋಡೆಯ ಕಿಟಕಿಯ ಕಡೆ ತಿರುಗಿಸಲು ಇಂಥದೇ ಒಂದು ಒಡ್ಡು ಇರುತ್ತದೆ. ಹುಟ್ಟಿದ ಮೇಲೆ ಅದರ ಕೆಲಸ ಮುಗಿಯಿತು. ಬಹಳ ಜನರಲ್ಲಿ ಕರಗುತ್ತದೆ. ನಿಮ್ಮ ಮಗನಲ್ಲಿ ಮಣ್ಣು ಸ್ವಲ್ಪ ಉಳಿದಿದೆ. ನೀರು ನಿಂತಿಲ್ಲ ನೋಡಿ, ಎರಡೂ ಬದಿ ಹರಿಯುತ್ತಿದೆ.” ಕಲರ್ ಹಾಕಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಮಗನ ಬೆನ್ನ ಮೇಲೆ ಕೈ ಇಟ್ಟು, “ಏಳಪ್ಪ, ಅಂಗಿ ಹಾಕಿಕೋ” ಎಂದರು. ಅಷ್ಟು ಹೊತ್ತಿಗೆ ಅವರ ಧ್ವನಿ ಒಡೆದಿತ್ತು. ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತು, ಬುತ್ತಿ ಬಿಚ್ಚಿ ಇಬ್ಬರೂ ರೊಟ್ಟಿ ತಿಂದರು. ಆ ಎಕರೆ ಮಾರಲಿಲ್ಲ ಎಂದು ಆಮೇಲೆ ತಿಳಿಯಿತು.

ಹಾಗೆಂದು ಗಡ್ಡೆ ಎಂದು ಬರೆದವರನ್ನು ದೂರುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು, ಪ್ರಾಮಾಣಿಕವಾಗಿಯೇ ಹಾಕಿದ್ದರು. ಆದರೆ ಅನುಮಾನದ ಚಿಹ್ನೆಯ ಜೊತೆಗೆ ಮುಂದಿನ ದಾರಿಯನ್ನೂ ಬರೆಯಬೇಕು: ಯಾರಿಗೆ ತೋರಿಸಬೇಕು, ಯಾವ ಪರೀಕ್ಷೆಯಿಂದ ನಿರ್ಧಾರವಾಗುತ್ತದೆ, ಎಷ್ಟು ತುರ್ತು. ಬರಿಯ ಚಿಹ್ನೆಯನ್ನು ಹಳ್ಳಿಯ ಮನೆಗೆ ಕಳಿಸಬಾರದು.

ಪದಗಳ ವಿಚಾರದಲ್ಲಿ ನನಗೆ ಇನ್ನೂ ಪೂರ್ತಿ ಉತ್ತರ ಸಿಗದ ಸಂದರ್ಭವೂ ಒಂದಿದೆ. ಡಿಗ್ರಿ ಓದುವ ಹುಡುಗಿಯೊಬ್ಬಳು ಕಾಲೇಜಿನಲ್ಲಿ ತಲೆ ಸುತ್ತಿ ಬಿದ್ದಳೆಂದು ಎಕೋಗೆ ಬಂದಿದ್ದಳು. ನಡುಗೋಡೆಯ ಆ ಕಿಟಕಿ, ಗರ್ಭದಲ್ಲಿ ತೆರೆದಿರುವಂಥದ್ದು, ಅವಳಲ್ಲಿ ಪೂರ್ತಿ ಅಂಟಿಕೊಂಡಿರಲಿಲ್ಲ, ಕೂದಲೆಳೆಯಷ್ಟು ರಕ್ತ ಹಾಯುತ್ತಿತ್ತು. ಪಿಎಫ್‌ಒ. ದೊಡ್ಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇರುತ್ತದೆ. ತಲೆ ಸುತ್ತಿಗೂ ಇದಕ್ಕೂ ಸಂಬಂಧವಿರಲಿಲ್ಲ, ಹುಡುಗಿ ಬೆಳಿಗ್ಗೆ ಏನೂ ತಿನ್ನದೆ ಬಿಸಿಲಲ್ಲಿ ನಿಂತಿದ್ದಳು. ತಾಯಿ ಬಾಗಿಲು ಮುಚ್ಚಿ ನನ್ನ ಎರಡೂ ಕೈ ಹಿಡಿದುಕೊಂಡರು: “ಬರೆಯಬೇಡಿ ಅಕ್ಕ. ಸಂಬಂಧ ಬಂದಿದೆ. ಹೃದಯದಲ್ಲಿ ತೂತು ಎಂದು ಯಾರ ಬಾಯಿಗಾದರೂ ಬಿದ್ದರೆ ಇವಳ ಬದುಕು ಮುಗಿಯಿತು.”

ಬರೆಯದೆ ಇರಲು ಬರುವುದಿಲ್ಲ. ನಾಳೆ ಅವಳಿಗೆ ಏನಾದರೂ ಆದರೆ ಮುಂದಿನ ಡಾಕ್ಟರಿಗೆ ಅದು ಗೊತ್ತಿರಬೇಕು. ಆದರೆ ಆ ತಾಯಿಯ ಭಯವೂ ಸುಳ್ಳಲ್ಲ. ‘ತೂತು’ ಎಂಬ ಪದ ನಮ್ಮ ಕಡೆ ಏನು ಮಾಡುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಸರ್ ಮತ್ತು ನಾನು ಕುಳಿತು ಸಾಲುಗಳನ್ನು ತೂಗಿ ಬರೆದೆವು: ಏನು ಕಂಡಿತು, ಅದು ಎಷ್ಟು ಜನರಲ್ಲಿ ಇರುತ್ತದೆ, ಕೋಣೆಗಳ ಅಳತೆ ಸರಿಯಾಗಿದೆ, ಈಗ ಚಿಕಿತ್ಸೆ ಬೇಡ. ಅದೇ ಮಾತನ್ನು ತಾಯಿಗೂ ಮಗಳಿಗೂ ಬೇರೆ ಬೇರೆಯಾಗಿ ಹೇಳಿದೆವು, ಹುಡುಗಿಗೆ 19 ತುಂಬಿತ್ತು, ಅವಳ ಹೃದಯದ ವಿಷಯ ಮೊದಲು ಅವಳದು. ಮದುವೆ ಏನಾಯಿತೋ ನನಗೆ ತಿಳಿಯದು. ಅಂದಿನಿಂದ ನಾನು ‘ತೂತು’ ಎಂಬ ಪದವನ್ನು ಆ ಕೋಣೆಯಲ್ಲಿ ಬಳಸುವುದಿಲ್ಲ.

ಮನೆಯವರಿಗೆ ಹೇಳಲೇಬೇಕಾದ ಸಂಗತಿಯೂ ಇದೆ. ಮಹಾಪಧಮನಿಯ ಬುಡದ ಕವಾಟಕ್ಕೆ ಮೂರು ಎಸಳಿರಬೇಕು, ನೂರರಲ್ಲಿ ಒಬ್ಬರು ಇಬ್ಬರಲ್ಲಿ ಎರಡೇ ಇರುತ್ತವೆ. ಮುಚ್ಚಿದಾಗ ನೋಡಿದರೆ ಮೋಸ ಹೋಗುತ್ತೇವೆ, ಎರಡು ಎಸಳು ಕೂಡಿಕೊಂಡ ಗೆರೆ ಮೂರನೆಯದರಂತೆ ಕಾಣುತ್ತದೆ. ತೆರೆದ ಕ್ಷಣದಲ್ಲಿ ಚಿತ್ರ ನಿಲ್ಲಿಸಿ ನೋಡಬೇಕು. ಒಬ್ಬ ಬಸ್ ಚಾಲಕರಲ್ಲಿ ಹೀಗೆ ಸಿಕ್ಕಿತು, ಅವರಿಗೆ ಏನೂ ತೊಂದರೆ ಇರಲಿಲ್ಲ. ಒಡಹುಟ್ಟಿದವರನ್ನೂ ಮಕ್ಕಳನ್ನೂ ಒಮ್ಮೆ ಕರೆತನ್ನಿ ಎಂದು ಬರೆದು ಕೊಟ್ಟೆವು. ತಮ್ಮ ಬರಲು ಒಪ್ಪಲಿಲ್ಲ, ಎಂಟು ತಿಂಗಳ ಮೇಲೆ ಅತ್ತಿಗೆ ಎಳೆದುಕೊಂಡು ಬಂದರು. ಅವನಿಗೂ ಎರಡೇ ಎಸಳು, ಮೇಲೆ ಮಹಾಪಧಮನಿ 46 ಮಿಲಿಮೀಟರ್ ಅಗಲಕ್ಕೆ ಹಿಗ್ಗಿತ್ತು. 40 ದಾಟಿದರೇ ನಾವು ಕಣ್ಣಿಡುತ್ತೇವೆ. ಈಗ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾನೆ, ಭಾರದ ಚೀಲ ಎತ್ತುವ ಕೆಲಸ ಬಿಟ್ಟಿದ್ದಾನೆ, ಕರೆದಾಗ ತಪ್ಪದೆ ಬರುತ್ತಾನೆ.

ಸೇಡಂ ಅಕ್ಕ ನಾಲ್ಕು ಸುತ್ತಿನ ಕಿಮೋ ಮುಗಿಸಿ ಮತ್ತೆ ಬಂದರು. ಕೂದಲು ಪೂರ್ತಿ ಉದುರಿತ್ತು, ಸೆರಗು ಬಿಗಿಯಾಗಿ ಹೊದ್ದಿದ್ದರು. ಈ ಸಲದ ಚೀಟಿಯಲ್ಲಿ ‘ಇಎಫ್’ ಎಂಬುದರ ಕೆಳಗೆ ಕಿಮೋ ಡಾಕ್ಟರು ಕೈಯಿಂದ ಇನ್ನೊಂದು ಸಾಲು ಸೇರಿಸಿದ್ದರು: ‘ಎಡ ಮಹಾಸಿರೆ ಇರುವವರು.’ ನಾವು ಬರೆದುಕೊಟ್ಟ ಕಾಗದವನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು, ಕೇಳುವ ಮೊದಲೇ ತೆಗೆದು ಕೊಟ್ಟರು. ಎಡ ಮಗ್ಗುಲಿಗೆ ತಿರುಗಿ ಮಲಗಿ, ಕೈ ತಲೆಯ ಮೇಲೆ ಎತ್ತಿಕೊಂಡರು. ಏನು ಮಾಡಬೇಕೆಂದು ಹೇಳಬೇಕಿರಲಿಲ್ಲ.

ಇಎಫ್ 60 ಬಂದಿತು. ಹೇಳಿದೆ. ಅವರು ತೆರೆಯ ಕಡೆ ಕತ್ತು ತಿರುಗಿಸಿ, “ನನ್ನ ಹಳ್ಳ ಎಲ್ಲಿದೆ ಅಕ್ಕ?” ಎಂದರು.

ಬೆರಳಿಟ್ಟು ತೋರಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಅದು ಕುಣಿಯುವುದನ್ನು ನೋಡಿದೆವು. ಆಮೇಲೆ ಅಂಗಾತ ಮಲಗಲು ಹೇಳಿ, ಹೊದಿಕೆ ಹೊದಿಸಿ, ಹೊಟ್ಟೆಯ ಮೇಲ್ಭಾಗದ ಚಿತ್ರಗಳಿಗೆ ಜೆಲ್ ಹಚ್ಚಿದೆ.